ಲಿಫ್ಟ್ ನಿಂತಿದ್ದ ಮುಕ್ಕಾಲು ಗಂಟೆ

“ಇದು ಖಾಲಿ,” ಎಂದ ಔಷಧಿ ಅಂಗಡಿಯವನು.

ನೀಲಿ ಬಣ್ಣದ ಇನ್‌ಹೇಲರನ್ನು ಬೆಳಕಿಗೆ ಹಿಡಿದು, ಅದರ ಬೆನ್ನಿನ ಮೇಲಿದ್ದ ಪುಟ್ಟ ಕಿಂಡಿಯನ್ನು ಹೆಬ್ಬೆರಳಿನಿಂದ ಒರೆಸಿ, ಕೌಂಟರಿನ ಆಚೆ ನಿಂತಿದ್ದ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿಸಿದ. ಕಿಂಡಿಯಲ್ಲಿ ಮೂರು ಸೊನ್ನೆಗಳಿದ್ದವು.

“ಖಾಲಿ ಅನ್ನೋದು ನನಗೂ ಕಾಣ್ಸುತ್ತಪ್ಪ. ಯಾವಾಗ ಮಾರಿದ್ದು, ಅದನ್ನ ಹೇಳು.”

ಅವನು ಅಡಿಯಲ್ಲಿ ಅಂಟಿಸಿದ್ದ ಬಿಳಿ ಚೀಟಿ ತೋರಿಸಿದ. “ಮೂರು ತಿಂಗಳ ಹಿಂದಿಂದು. ತಾರೀಖು ನಾನೇ ಬರ್ದಿರೋದು. ಆದ್ರೆ ಲೀಡರ್ ಇದನ್ನ ಯಾಕೆ ಇಟ್ಕೊಂಡಿದ್ದ ಅಂತ ಗೊತ್ತಾಗ್ತಿಲ್ಲ. ಗುರುವಾರ ಸಂಜೆ ಹೊಸದು ತಗೊಂಡು ಹೋಗಿದ್ದ.”

“ಸಾಯೋಕೆ ಎರಡು ದಿನ ಮುಂಚೆ.”

“ಹೂಂ.”

“ಖಚಿತವಾ? ಅಂಗಡೀಗೆ ನೂರು ಜನ ಬರ್ತಾರೆ.”

ಔಷಧಿ ಅಂಗಡಿಯವನು ಬಾಗಿಲ ಪಕ್ಕದ ತೂಕದ ಯಂತ್ರದ ಕಡೆ ಗದ್ದ ಎತ್ತಿದ. “ಅವತ್ತು ಅದು ಕೆಟ್ಟಿತ್ತು. ಲಿಫ್ಟ್ ರಿಪೇರಿ ಮಾಡೋ ಕೈಗೆ ಇದೇನು ಮಹಾ ಅಂತ ನೆಲದ ಮೇಲೇ ಬಿಚ್ಚಿ ಕೂತ. ಸರಿ ಮಾಡಿದ ಅಂತಿಟ್ಕೊಳ್ಳಿ. ಈಗ ಎಲ್ಲರಿಗೂ ಎರಡು ಕಿಲೋ ಕಮ್ಮಿ ತೋರ್ಸುತ್ತೆ. ಜನ ಖುಷಿಯಾಗಿ ಹೋಗ್ತಾರೆ.” ಯಂತ್ರವನ್ನೊಮ್ಮೆ ನೋಡಿ ಹೇಳಿದ, “ಇನ್ನೊಬ್ಬನ್ನ ಕರೆಸಿ ಸರಿ ಮಾಡ್ಸೋಕೆ ಮನಸ್ಸು ಬರ್ತಿಲ್ಲ, ಮೇಡಂ.”

ಇನ್ಸ್‌ಪೆಕ್ಟರಮ್ಮ ಇನ್‌ಹೇಲರನ್ನು ಚೀಲಕ್ಕೆ ಹಾಕಿಕೊಂಡರು. ಹದಿನೈದು ದಿನದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಹನ್ನೆರಡು ಮಹಡಿಯ ಹಳೇ ಕಟ್ಟಡದ ಮೆಟ್ಟಿಲ ಮೇಲೆ ಉಬ್ಬಸ ಹೆಚ್ಚಾಗಿ ಸತ್ತ ಮೂವತ್ತೆರಡು ವರ್ಷದ, ನಿವಾಸಿಗಳ ಸಂಘದ ಅಧ್ಯಕ್ಷನಾಗಿ ಎಲ್ಲರಿಗೂ ‘ಲೀಡರ್’ ಆಗಿದ್ದವನ ಮುಷ್ಟಿಯಲ್ಲಿ ಸಿಕ್ಕಿದ್ದು ಅದೇ. ಹೊಸದು ಎಲ್ಲೂ ಸಿಕ್ಕಿರಲಿಲ್ಲ. ಜೇಬಿನಲ್ಲಿಲ್ಲ, ಮನೆಯಲ್ಲಿಲ್ಲ, ಕೆಲಸದ ಚೀಲದಲ್ಲೂ ಇಲ್ಲ.

ಡಾಕ್ಟರು ಸಹಜ ಸಾವು ಎಂದು ಬರೆದು ಕೈತೊಳೆದುಕೊಂಡಿದ್ದರು. ಒಪ್ಪದೇ ಇದ್ದವಳು ಅವನ ಅಕ್ಕ ಒಬ್ಬಳೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆಕೆ, ಕಣ್ಣು ತೋರಿಸಲು ಬಂದ ಈ ನಿವೃತ್ತ ಪೊಲೀಸ್ ಅಧಿಕಾರಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾ, “ಮೇಡಂ, ನನ್ನ ತಮ್ಮ ಸುಮ್ನೆ ಸತ್ತಿಲ್ಲ,” ಎಂದು ತಣ್ಣಗೆ ಹೇಳಿದ್ದಳು.

ಪಿಂಚಣಿ ಬಂದು ಎಂಟು ವರ್ಷವಾಗಿದ್ದ ಇನ್ಸ್‌ಪೆಕ್ಟರಮ್ಮನಿಗೆ ಮಂಡಿ ನೋವಿತ್ತು, ಸಕ್ಕರೆ ಇತ್ತು, ಬೇರೆಯವರ ಉಸಾಬರಿ ಬೇಡ ಎಂಬ ಮಗಳ ಕಟ್ಟಪ್ಪಣೆಯೂ ಇತ್ತು. ಆದರೂ ಒಂದು ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಆದವನು, ಉಬ್ಬಸದವನು, ತಾನೇ ನೋಡಿಕೊಳ್ಳುವ ಲಿಫ್ಟ್ ಇರುವ ಕಟ್ಟಡದಲ್ಲಿ, ಮೆಟ್ಟಿಲಿಗೆ ಯಾಕೆ ಬಂದ?

* * *

ಕಟ್ಟಡದಲ್ಲಿ ತೊಂಬತ್ತಾರು ಮನೆಗಳು. ಎರಡು ವರ್ಷದ ಹಿಂದೆ ನಗರಸಭೆಯ ಇಂಜಿನಿಯರ್ ಒಬ್ಬರು ಬಂದು, ಗೋಡೆ ಕುಟ್ಟಿ, ಕಂಬ ಕೊರೆದು, ‘ವಾಸಕ್ಕೆ ಯೋಗ್ಯವಲ್ಲ, ತೆರವು ಮಾಡತಕ್ಕದ್ದು’ ಎಂದು ವರದಿ ಕೊಟ್ಟಿದ್ದರು. ಅವತ್ತಿನಿಂದ ಶುರುವಾಗಿತ್ತು ಲೀಡರನ ಹೋರಾಟ. ಕಚೇರಿ ಕಚೇರಿ ಅಲೆದ, ವಕೀಲರನ್ನು ಹಿಡಿದ, ಮಾತೇ ಆಡದ ಅಕ್ಕಪಕ್ಕದ ಮನೆಯವರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ. ಕೊನೆಯ ವಿಚಾರಣೆ ನಾಳೆ, ಸೋಮವಾರ.

ಇವತ್ತು ಸಂಜೆ ನಾಲ್ಕಕ್ಕೆ, ನೆಲಮಹಡಿಯ ಸಂಘದ ಹಾಲಿನಲ್ಲಿ ಅವನ ನೆನಪಿನ ಸಭೆ.

ಅದಕ್ಕೆ ಮುಂಚೆ ಇನ್ಸ್‌ಪೆಕ್ಟರಮ್ಮ ಅವನು ಬಿದ್ದಿದ್ದ ಜಾಗ ನೋಡಲು ಏಳನೇ ಮಹಡಿ ಹತ್ತಿದರು, ಬೇಕೆಂದೇ ಮೆಟ್ಟಿಲಲ್ಲಿ. ಆರನೇ ಮಹಡಿ ದಾಟಿ ನಾಲ್ಕು ಮೆಟ್ಟಿಲು ಹೋದಮೇಲೆ ಕಾಲು ತಟ್ಟನೆ ಜಾರಿತು. ಕಂಬಿ ಹಿಡಿದು ಸಾವರಿಸಿಕೊಂಡು ನೋಡಿದರೆ, ಒಂದು ಮೆಟ್ಟಿಲ ಅಂಚು ಅಂಗೈ ಅಗಲ ಕಿತ್ತುಹೋಗಿತ್ತು.

“ಎಡವಿದ್ರಾ?” ಮೇಲಿನ ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೇಳಿತು. “ಹೊಸಬರೆಲ್ಲಾ ಅಲ್ಲೇ ಎಡವೋದು. ಇಲ್ಲಿನೋರಿಗೆ ಕಾಲಿಗೇ ಕಣ್ಣಿರುತ್ತೆ.”

ಅಜ್ಜಿಗೆ ಎಂಬತ್ತು ದಾಟಿತ್ತು, ಕಿವಿ ಮಾತ್ರ ಇಪ್ಪತ್ತರದ್ದು. ಅವತ್ತು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಸ್ವೆಟರ್ ಹೆಣೆಯುತ್ತಿತ್ತಂತೆ.

“ಮೊದ್ಲು ಮೇಲಿಂದ ಒಬ್ರು ಇಳಿದ್ರು. ಹಗುರ ಹೆಜ್ಜೆ. ನಿಮ್ಮ ಹಾಗೇ ಅಲ್ಲಿ ಎಡವಿದ್ರು, ‘ಅಯ್ಯೋ’ ಅಂದಿದ್ದು ಕೇಳ್ತು. ಹೆಣ್ಣು ದನಿ. ಅದಾಗಿ ಸ್ವಲ್ಪ ಹೊತ್ತಿಗೆ ಕೆಳಗಿಂದ ಒಬ್ರು ಹತ್ತಿ ಬಂದ್ರು.”

“ಅವರು ಎಡವಿದ್ರಾ?”

ಅಜ್ಜಿ ತಲೆಯಾಡಿಸಿತು. “ಇಲ್ಲ. ಆ ಮೆಟ್ಟಿಲು ಬಿಟ್ಟು ಮುಂದಿನದಕ್ಕೆ ಕಾಲಿಟ್ರು.”

ಇನ್ಸ್‌ಪೆಕ್ಟರಮ್ಮ ಕೆಳಗಿನ ಆ ಮೆಟ್ಟಿಲನ್ನು ತಿರುಗಿ ನೋಡಿದರು. ಇಳಿದುಹೋದವರು ಹೊರಗಿನವರು. ಹತ್ತಿಬಂದವರು ಈ ಕಟ್ಟಡದವರೇ.

“ಆಮೇಲೆ ಅಜ್ಜಿ?”

“ಮೇಲೆ ಪಿಸಪಿಸ ಮಾತು. ಏನಂತ ಕೇಳಿಸ್ಲಿಲ್ಲ. ಆಮೇಲೆ ಅವನ ಕೆಮ್ಮು. ಅವನ ಕೆಮ್ಮು ನನಗೇನು ಹೊಸದಲ್ಲ, ಎದ್ದರೆ ಹೆಣಿಗೆ ಎಣಿಕೆ ತಪ್ಪುತ್ತೆ ಅಂತ ಕೂತೇ ಇದ್ದೆ. ಹತ್ತಿದೋರು ಇಳಿದುಹೋದ್ರು. ಕೆಮ್ಮೂ ನಿಂತುಹೋಯ್ತು. ಸರಿಹೋಯ್ತು ಅನ್ಕೊಂಡೆ.” ಅಜ್ಜಿಯ ಬೆರಳುಗಳು ಮಡಿಲಲ್ಲಿ ಸುಮ್ಮನೆ ಆಡುತ್ತಿದ್ದವು. “ಹನ್ನೊಂದಕ್ಕೆ ನಮ್ಮ ಸೊಸೆ ತರಕಾರಿ ಚೀಲ ಹೊತ್ತು ಬಂದಾಗಲೇ ಗೊತ್ತಾಗಿದ್ದು. ಆ ಸ್ವೆಟರ್ ಅವತ್ತೇ ಬಿಚ್ಚಾಕ್ಬಿಟ್ಟೆ ಕಣಮ್ಮ.”

* * *

ಹಾಲಿನಲ್ಲಿ ಕುರ್ಚಿ ಜೋಡಿಸುವ ಸದ್ದು ಜೋರಾಗಿತ್ತು. ಗೋಡೆಗೆ ಯಾವ ಫೋಟೋ ಹಾಕಬೇಕು ಎಂದು ಮೂರು ಜನ ವಾದಕ್ಕೆ ನಿಂತಿದ್ದರು. ಒಂದರಲ್ಲಿ ಲೀಡರ್ ಕೋಟು ಹಾಕಿ ಮುಖ ಗಂಟಿಕ್ಕಿಕೊಂಡಿದ್ದ. ಇನ್ನೊಂದರಲ್ಲಿ ಅರ್ಧ ದೇಹ ಲಿಫ್ಟಿನ ಗುಂಡಿಯಲ್ಲಿ, ಅರ್ಧ ಹೊರಗೆ, ಮೂಗಿನ ತುದಿಗೆ ಗ್ರೀಸು, ಬಾಯಿತುಂಬ ನಗು.

“ಕೋಟಿನದು ಗೌರವವಾಗಿರುತ್ತೆ,” ಎಂದರು ಒಬ್ಬರು.

“ಆ ಕೋಟು ಅವನದಲ್ಲ ಸಾರ್, ನನ್ನದು. ಪಾಸ್‌ಪೋರ್ಟ್ ಫೋಟೋಗೆ ಅಂತ ಇಸ್ಕೊಂಡಿದ್ದ,” ಎಂದರು ಇನ್ನೊಬ್ಬರು. ವಾದ ಅಲ್ಲಿಗೆ ಮುಗಿಯಿತು. ಗ್ರೀಸಿನ ಫೋಟೋ ಗೋಡೆ ಏರಿತು.

ಮುಂದಿನ ಸಾಲಿನಲ್ಲಿ ಅಕ್ಕ ಆಗಲೇ ಬಂದು ಕೂತಿದ್ದಳು. ತಾಯಿ ತೀರಿಕೊಂಡಾಗ ಅವಳಿಗೆ ಹದಿನೆಂಟು, ತಮ್ಮನಿಗೆ ಒಂಬತ್ತು. ಅಲ್ಲಿಂದ ಅವಳೇ ತಾಯಿ. ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ ಬಿಟ್ಟು ಅವಳು ಒಂದು ರಾತ್ರಿಯೂ ಬೇರೆಲ್ಲೂ ಮಲಗಿದವಳಲ್ಲ.

ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ ಕೂತರು. “ಊಟ ಮಾಡಿದೆಯೇನಮ್ಮ?”

“ಆಯ್ತು ಮೇಡಂ.” ಆಗಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. “ಏನಾದ್ರೂ ಗೊತ್ತಾಯ್ತಾ?”

“ಸ್ವಲ್ಪ. ಶನಿವಾರ ನೀನು ಅಂಗಡೀಲಿದ್ದೆ ಅಲ್ವಾ?”

“ಒಂಬತ್ತಕ್ಕೇ ಹೋಗಿದ್ದೆ. ಫೋನ್ ಬಂದ್ಮೇಲೆ ಓಡಿಬಂದೆ.” ಅವಳು ಗೋಡೆಯ ಫೋಟೋ ನೋಡಿದಳು. “ನನ್ನ ಕೂದಲು ಬೆಳ್ಳಗಾಗ್ತಿದೆ ಅಂತ ಆಡ್ಕೊಳ್ತಿದ್ದ. ಅಕ್ಕಾ, ನಿನ್ನ ತಲೆಗೊಂದು ಸುಣ್ಣ ಬಳಿಯೋ ಕಾಂಟ್ರಾಕ್ಟರ್ ಬೇಕಾಗಿಲ್ಲ, ತಾನೇ ಆಗ್ತಿದೆ ಅಂತಿದ್ದ.”

ಇನ್ಸ್‌ಪೆಕ್ಟರಮ್ಮ ಅವಳ ಮುಂಗೈ ಮೇಲೆ ಕೈಯಿಟ್ಟು ಒತ್ತಿ, ಎದ್ದರು.

ವೇದಿಕೆಯ ಹಿಂದೆ ಏಣಿ ಹಾಕಿಕೊಂಡು ಒಬ್ಬ ಬಟ್ಟೆಯ ಮೇಲೆ ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದ. ಅಂಗಡಿ ಬೋರ್ಡು ಬರೆಯುವ ಪೇಂಟರ್, ಲೀಡರನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ‘ನಮ್ಮ ಲೀಡರ್ ನೆನಪಿಗೆ’ ಎಂಬುದರಲ್ಲಿ ಕೊನೆಯ ಅಕ್ಷರ ಬಾಕಿ ಇತ್ತು.

ಇನ್ಸ್‌ಪೆಕ್ಟರಮ್ಮ ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ ಓದಿದರು. ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದು ಬಿಡಿಸಿದರು. ಶನಿವಾರ ನೆಲಮಹಡಿಯ ಲಿಫ್ಟ್ ಬಾಗಿಲಿಗೆ ಅಂಟಿಸಿದ್ದ ಹಾಳೆ ಅದು. ಗುಡಿಸುವಾಕೆ ಬಿಸಾಡದೆ ಎತ್ತಿಟ್ಟಿದ್ದಳು. ‘ಲಿಫ್ಟ್ ದುರಸ್ತಿಯಲ್ಲಿದೆ.’ ಅಷ್ಟೇ.

ಲೀಡರ್ ಬರೆಯುವ ಚೀಟಿ ಹಾಗಿರುತ್ತಿರಲಿಲ್ಲವೆಂದು ಕಟ್ಟಡದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಲಿಫ್ಟ್ ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಎಂದು ಬರೆದು ಸಹಿ ಹಾಕಿ, ಕೆಳಗೊಂದು ಸಾಲು ಸೇರಿಸುತ್ತಿದ್ದ: ‘ಅಲ್ಲಿಯವರೆಗೆ ಹೊಟ್ಟೆ ಕರಗಿಸಿ.’ ಈ ಹಾಳೆಯಲ್ಲಿ ಹೊತ್ತೂ ಇಲ್ಲ, ಸಹಿಯೂ ಇಲ್ಲ, ಹೊಟ್ಟೆಯ ಮಾತೂ ಇಲ್ಲ. ಪೆನ್ನಿನಲ್ಲಿ ಗೀಚಿದ ಅಕ್ಷರಗಳಾದರೂ ತಲೆಕಟ್ಟುಗಳು ಮಾತ್ರ ಹಕ್ಕಿಯ ರೆಕ್ಕೆಯ ಹಾಗೆ ಬಲಕ್ಕೆ ಮೇಲೆದ್ದಿದ್ದವು.

ಬಟ್ಟೆಯ ಮೇಲೂ ಅವೇ ರೆಕ್ಕೆಗಳು.

“ಇಳಿದು ಬಾರಪ್ಪ,” ಎಂದರು ಇನ್ಸ್‌ಪೆಕ್ಟರಮ್ಮ.

ಪೇಂಟರ್ ಕೆಳಗೆ ನೋಡಿದ. ಹಾಳೆ ಕಂಡಿತು. ಗಡಿಬಿಡಿ ಮಾಡಲಿಲ್ಲ. ಕೊನೆಯ ಅಕ್ಷರ ಮುಗಿಸಿ, ಕುಂಚ ಡಬ್ಬಿಯಲ್ಲಿ ಅದ್ದಿ, ಇಳಿದುಬಂದ.

“ನಂದೇ ಅಕ್ಷರ,” ಎಂದ.

“ಕೇಳೋಕೆ ಮುಂಚೇನೇ ಒಪ್ಕೊಂಡೆ.”

“ಹದಿನೈದು ದಿನದಿಂದ ಯಾರಾದ್ರೂ ಕೇಳ್ಲಿ ಅಂತಾನೇ ಕಾಯ್ತಿದ್ದೆ, ಅಮ್ಮ. ನಾನಾಗೇ ಹೇಳೋ ಹಾಗಿರ್ಲಿಲ್ಲ, ಮಾತು ಕೊಟ್ಟಿದ್ದೆ.”

“ಯಾರಿಗೆ?”

“ಅವನಿಗೇ. ಹತ್ತೂಕಾಲಿಗೆ ಅಂಟ್ಸು ಅಂದ. ಮೇಲೆ ಮೆಷಿನ್ ರೂಮಲ್ಲಿ ತಾನೇ ಲಿಫ್ಟ್ ಆಫ್ ಮಾಡ್ತೀನಿ, ಅರ್ಧ ಗಂಟೆ ಯಾರೂ ಬರಬಾರ್ದು ಅಂದ. ತಾನೇ ಬರೆದ್ರೆ ಜನ ಹುಡುಕ್ಕೊಂಡು ಬರ್ತಾರೆ, ನೀನು ಬರಿ ಅಂದ.”

“ಹುಡುಕಿದ್ರೆ ಏನಾಗ್ತಿತ್ತು?”

ಪೇಂಟರ್ ಕೈಯ ಬಣ್ಣವನ್ನು ಚಿಂದಿಯಿಂದ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಅವನ್ನ ನೋಡೋಕೆ ಒಬ್ರು ಬಂದಿದ್ರು.”

“ಹೆಂಗಸು,” ಎಂದರು ಇನ್ಸ್‌ಪೆಕ್ಟರಮ್ಮ. “ಹೊರಗಿನೋರು. ಇಳಿಯುವಾಗ ಆರನೇ ಮಹಡಿ ಹತ್ರ ಎಡವಿದ್ರು. ಯಾರು?”

“ಅವನ ಹೆಂಡ್ತಿ.”

ಹಾಲಿನ ಆ ಕಡೆಯಲ್ಲಿ ಯಾರೋ ಮೈಕ್ ತಟ್ಟಿ ನೋಡುತ್ತಿದ್ದರು. ಟಪ್, ಟಪ್. ಇನ್ಸ್‌ಪೆಕ್ಟರಮ್ಮ ದನಿ ತಗ್ಗಿಸಿದರು.

“ಅವನಿಗೆ ಮದುವೆ ಆಗಿರ್ಲಿಲ್ಲ ಅಂತ ಇಡೀ ಕಟ್ಟಡ ಹೇಳುತ್ತೆ.”

“ಆಗಿ ನಾಲ್ಕು ತಿಂಗಳು. ರಿಜಿಸ್ಟ್ರಾರ್ ಆಫೀಸಲ್ಲಿ. ಸಾಕ್ಷಿ ಸಹಿ ನಂದೇ.”

“ಮುಚ್ಚಿಟ್ಟಿದ್ದು ಯಾಕೆ? ಕದ್ದು ಮದುವೆ ಆಗೋ ವಯಸ್ಸಾ ಅವನದು?”

“ವಿಚಾರಣೆ ಮುಗಿಯೋವರ್ಗೂ ಅಂದಿದ್ದ. ಅವರು ಯಾರು ಅಂತ ಗೊತ್ತಾಗಿದ್ರೆ ಈ ಕಟ್ಟಡದಲ್ಲಿ ಅವನಿಗೆ ಒಂದು ಲೋಟ ನೀರು ಕೊಡೋರೂ ಇರ್ತಿರ್ಲಿಲ್ಲ.” ಪೇಂಟರ್ ಕಣ್ಣೆತ್ತಿ ನೋಡಿದ. “ವರದಿ ಬರೆದ್ರಲ್ಲ, ಕಟ್ಟಡ ಖಾಲಿ ಮಾಡ್ಸಿ ಅಂತ. ಆ ಇಂಜಿನಿಯರ್.”

ಇನ್ಸ್‌ಪೆಕ್ಟರಮ್ಮ ಮೂವತ್ತೈದು ವರ್ಷದ ನೌಕರಿಯಲ್ಲಿ ಬಹಳ ಕೇಳಿದ್ದರು. ಆದರೂ ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತರು.

“ಜಗಳ ಆಡ್ತಾ ಆಡ್ತಾ ಶುರುವಾಯ್ತಂತೆ,” ಎಂದ ಪೇಂಟರ್. “ಇವನು ವಾರಕ್ಕೊಂದು ಸಲ ಹೋಗಿ ಅವರ ಟೇಬಲ್ ಮುಂದೆ ಕೂರ್ತಿದ್ದ, ವರದಿ ತಪ್ಪು ಅಂತ. ಅವರು ಪುಟ ಪುಟ ತೆಗೆದು ತೋರಿಸ್ತಿದ್ರು, ಸರಿ ಅಂತ. ವರ್ಷ ಕಳೀತು. ಒಂದಿನ ನನ್ನ ಹತ್ರ ಬಂದು, ‘ಲೋ, ವಾದದಲ್ಲಿ ಸೋಲ್ತಿದೀನಿ ಕಣೋ, ಆದ್ರೆ ಯಾಕೋ ಬೇಜಾರಾಗ್ತಿಲ್ಲ’ ಅಂದ.”

“ನೀನು ಆಮೇಲೆ ಮೇಲಕ್ಕೆ ಹೋದೆಯಾ? ಅವತ್ತು?”

“ಇಲ್ಲಮ್ಮ. ಚೀಟಿ ಅಂಟ್ಸಿ ಅಂಗಡಿ ಬೋರ್ಡ್ ಬರೆಯೋಕೆ ಹೋದೆ. ಬೀದಿ ಕೊನೇಲಿ ಬಟ್ಟೆ ಅಂಗಡಿ. ಹನ್ನೆರಡರವರೆಗೂ ಏಣಿ ಮೇಲೇ ಇದ್ದೆ, ಬೇಕಾದ್ರೆ ಕೇಳಿ. ಹೋಗಿದ್ರೆ ಚೆನ್ನಾಗಿತ್ತು.” ಚಿಂದಿಯನ್ನು ಜೇಬಿಗೆ ತುರುಕಿಕೊಂಡ. “ಹೋಗಿದ್ರೆ ಅವನು ಇರ್ತಿದ್ದ.”

ಅವನ ಮುಖ ನೋಡಿದರೆ ಸುಳ್ಳು ಹೇಳುವವನಂತೆ ಕಾಣಲಿಲ್ಲ. ಬಟ್ಟೆ ಅಂಗಡಿಯನ್ನು ವಿಚಾರಿಸಬೇಕು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೇ ಇನ್ಸ್‌ಪೆಕ್ಟರಮ್ಮ ಎದ್ದರು.

* * *

ನಾಲ್ಕಕ್ಕೆ ಹಾಲು ತುಂಬಿಹೋಯಿತು. ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಗಳ ಮೇಲೂ ಕೂತರು. ಇನ್ಸ್‌ಪೆಕ್ಟರಮ್ಮ ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತರು.

ಭಾಷಣವೆಂದು ಯಾರೂ ಮಾಡಲಿಲ್ಲ. ಒಬ್ಬೊಬ್ಬರೇ ಎದ್ದು, ನೆನಪಿದ್ದನ್ನು ಹೇಳಿ ಕೂತರು.

ಹತ್ತನೇ ಮಹಡಿಯ ದರ್ಜಿ, ತನ್ನ ಹೆಂಡತಿಗೆ ಹೆರಿಗೆ ನೋವು ಬಂದಾಗ ಲಿಫ್ಟ್ ನಡುವೆ ನಿಂತುಬಿಟ್ಟದ್ದನ್ನು ಹೇಳಿದ. ಲೀಡರ್ ಹಗ್ಗದಲ್ಲಿ ಮೇಲಿನಿಂದ ಇಳಿದು, ಬಾಗಿಲು ಮೀಟುತ್ತಾ, ಒಳಗಿದ್ದ ಅವಳಿಗೆ ಇಪ್ಪತ್ತು ನಿಮಿಷ ಬಿಡದೆ ಕತೆ ಹೇಳಿದ್ದನಂತೆ. “ಕತೆ ಅರ್ಧಕ್ಕೇ ನಿಂತಿತ್ತು. ಮಗಳಿಗೆ ಈಗ ಆರು ವರ್ಷ. ಕೊನೇಲಿ ಏನಾಯ್ತು ಅಂತ ಅವಳಮ್ಮ ಈಗಲೂ ಕೇಳ್ತಾಳೆ.”

ಎರಡನೇ ಮಹಡಿಯ ಬಸ್ ಕಂಡಕ್ಟರ್ ಎದ್ದರು. “ನಾನು ಮೂರು ಸಲ ಸಂಘದ ಚುನಾವಣೇಲಿ ಅವನ ವಿರುದ್ಧ ನಿಂತೆ. ಮೂರು ಸಲಾನೂ ಸೋತೆ. ಮೂರನೇ ಸಲ ನನಗೆ ಪ್ರಚಾರದ ಚೀಟಿ ಬರೆದುಕೊಟ್ಟೋನು ಅವನೇ. ನಿಮ್ಮ ಅಕ್ಷರ ಯಾರಿಗೂ ಓದೋಕಾಗಲ್ಲ ಅಣ್ಣ, ಅದಕ್ಕೇ ಸೋಲ್ತಿದೀರ ಅಂದ.” ಜನ ನಕ್ಕರು. ಅವರು ನಗದೆ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ನಿಂತೇ ಇದ್ದರು. ಯಾರೋ ತೋಳು ಹಿಡಿದು ಕೂರಿಸಿದರು.

ಸಂಘದ ಕಾರ್ಯದರ್ಶಿ ಕೊನೆಗೆ ಮಾತಾಡಿದರು. “ನಾಳೆ ನಾವು ಗೆಲ್ಲಬೇಕು. ಈ ಕಟ್ಟಡ ಬಿಟ್ಟು ನಾವ್ಯಾರೂ ಹೋಗಲ್ಲ. ಅವನು ಪ್ರಾಣ ಇಟ್ಟಿದ್ದು ಇದಕ್ಕೇ.”

ಚಪ್ಪಾಳೆ ನಿಂತ ಮೇಲೆ, ಕೊನೆಯ ಸಾಲಿನಿಂದ ಒಂದು ಹೆಣ್ಣು ದನಿ ಕೇಳಿತು. “ನಾನೊಂದು ಮಾತು ಹೇಳಬಹುದಾ?”

ಕುರ್ಚಿಗಳು ಕಿರುಗುಟ್ಟಿದವು. ತೊಂಬತ್ತಾರು ಮನೆಗಳ ಜನ ಹಿಂದಕ್ಕೆ ತಿರುಗಿದರು. ಬೂದು ಬಣ್ಣದ ಹತ್ತಿ ಅಂಗಿ ತೊಟ್ಟ, ಮೂವತ್ತರ ಆಸುಪಾಸಿನ ಹೆಂಗಸು ಎದ್ದುನಿಂತಿದ್ದಳು. ಕೈಯಲ್ಲಿ ಒಂದು ಕಂದು ಬಣ್ಣದ ಲಕೋಟೆ.

“ಆ ಇಂಜಿನಿಯರ್ ಅಲ್ವಾ?” ಯಾರೋ ಅಂದರು. ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಕಾರ್ಯದರ್ಶಿ ಮುಖ ಕೆಂಪಗೆ ಮಾಡಿಕೊಂಡು ಮೈಕಿಗೆ ಕೈ ಹಾಕಿದರು.

“ಮಾತಾಡ್ಲಿ ಬಿಡಿ,” ಎಂದರು ಇನ್ಸ್‌ಪೆಕ್ಟರಮ್ಮ, ಕೂತಲ್ಲಿಂದಲೇ. ಅಷ್ಟು ವರ್ಷ ಖಾಕಿ ತೊಟ್ಟ ದನಿ. ಕಾರ್ಯದರ್ಶಿಯ ಕೈ ಹಾಗೇ ನಿಂತಿತು.

ಇಂಜಿನಿಯರ್ ಮೈಕಿನ ಹತ್ತಿರ ಬರಲಿಲ್ಲ. ನಿಂತ ಜಾಗದಲ್ಲೇ ಮಾತಾಡಿದಳು.

“ನಾನು ಅವರ ಹೆಂಡತಿ. ನೀವು ನಂಬದೇ ಇರಬಹುದು, ಕಾಗದ ಇದೆ, ಬೇಕಾದವರು ನೋಡಿ. ಶನಿವಾರ ನಾನು ಇಲ್ಲಿಗೆ ಬಂದಿದ್ದೆ. ಹತ್ತೂವರೆವರೆಗೂ ಮೆಷಿನ್ ರೂಮಲ್ಲಿ ಮಾತಾಡಿದ್ವಿ. ನಾನು ಹೊರಡುವಾಗ ಅವರು ಹೊಸ ಇನ್‌ಹೇಲರ್ ಒಂದು ಸಲ ಎಳೆದು, ಅಂಗಿ ಜೇಬಿಗೆ ಹಾಕ್ಕೊಂಡ್ರು. ಚೆನ್ನಾಗೇ ಇದ್ರು. ಎಂಟನೇ ಮಹಡಿವರೆಗೂ ಜೊತೆಗೆ ಇಳಿದು ಬಂದು, ಮೆಟ್ಟಿಲಲ್ಲಿ ಹುಷಾರು ಅಂತ ನನಗೇ ಹೇಳಿದ್ರು.”

ಇನ್ಸ್‌ಪೆಕ್ಟರಮ್ಮ ಲೆಕ್ಕ ಹಾಕಿದರು. ಹತ್ತೂವರೆಗೆ ಹೊಸದು ಜೇಬಿನಲ್ಲಿತ್ತು. ಹನ್ನೊಂದಕ್ಕೆ ಖಾಲಿಯದು ಕೈಯಲ್ಲಿತ್ತು. ನಡುವೆ ಅರ್ಧ ಗಂಟೆ, ನಡುವೆ ಎಡವದ ಒಂದು ಜೋಡಿ ಕಾಲು.

“ಯಾಕೆ ಬಂದಿದ್ರಿ?” ಕಂಡಕ್ಟರ್ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಲಕೋಟೆ ಎತ್ತಿ ಹಿಡಿದಳು. “ಅವರೇ ಕೇಳಿದ್ದು ಇದನ್ನ. ನನ್ನ ವರದಿ ಸುಳ್ಳು ಅಂತ ಸಾಬೀತು ಮಾಡೋಕೆ, ಬೇರೆ ಊರಿನ ಪ್ರಯೋಗಾಲಯಕ್ಕೆ ತಾವೇ ಕಂಬದ ಚೂರು ಕಳಿಸಿದ್ರು. ಫಲಿತಾಂಶ ನಮ್ಮ ಕಚೇರಿಗೇ ಬಂತು. ನಾನು ಬರೆದಿದ್ದಕ್ಕಿಂತ ಪರಿಸ್ಥಿತಿ ಕೆಟ್ಟದಾಗಿದೆ. ಈ ಕಟ್ಟಡ ನಿಲ್ಲಲ್ಲ.” ಅವಳು ಲಕೋಟೆ ಕೆಳಗಿಳಿಸಿದಳು. “ಅವರು ಎರಡು ಸಲ ಓದಿದ್ರು. ಸಂಜೆ ಎಲ್ಲರನ್ನೂ ಇದೇ ಹಾಲಿಗೆ ಕರೆದು, ನಾನು ಸೋತೆ, ಖಾಲಿ ಮಾಡೋಣ ಬನ್ನಿ ಅಂತ ನಾನೇ ಹೇಳ್ತೀನಿ ಅಂದ್ರು.”



ಇನ್ಸ್‌ಪೆಕ್ಟರಮ್ಮ ಕುರ್ಚಿಯಲ್ಲೇ ತಿರುಗಿ ಕೂತರು. ಇಷ್ಟು ದಿನ ಅವರು ಹುಡುಕುತ್ತಿದ್ದದ್ದು ಈ ಜನರನ್ನು ಒಕ್ಕಲೆಬ್ಬಿಸಲು ಬಯಸಿದವರನ್ನು. ಹುಡುಕಬೇಕಾಗಿದ್ದದ್ದು ಇಲ್ಲಿಂದ ಏಳಲು ಒಪ್ಪದವರನ್ನು. ಅಂಥವರು ಹೊರಗಿರಲಿಲ್ಲ. ಅವನಿಗಾಗಿ ಅತ್ತು ಕಣ್ಣೊರೆಸಿಕೊಂಡ ಜನ, ಇದೇ ಹಾಲಿನಲ್ಲಿ, ಸಾಲು ಸಾಲಾಗಿ ಕೂತಿದ್ದರು.

ಅವರು ಆ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ದರ್ಜಿ ಬಾಯಿ ತೆರೆದುಕೊಂಡಿದ್ದ. ಕಂಡಕ್ಟರ್ ಹಣೆಗೆ ಕೈ ಹಚ್ಚಿದ್ದರು. ಕಾರ್ಯದರ್ಶಿ ಬಣ್ಣಗೆಟ್ಟು ಹೋಗಿದ್ದರು. ಎಲ್ಲರೂ ಕತ್ತು ತಿರುಗಿಸಿ ಹಿಂದಿನ ಸಾಲನ್ನೇ ನೋಡುತ್ತಿದ್ದರು.

ಒಬ್ಬಳನ್ನು ಬಿಟ್ಟು.

ಪಕ್ಕದಲ್ಲಿ ಕೂತಿದ್ದ ಅಕ್ಕ ತಿರುಗಿರಲಿಲ್ಲ. ತಮ್ಮನಿಗೆ ಹೆಂಡತಿಯಿದ್ದಳೆಂದು ಕೇಳಿದಾಗಲೂ ಇಲ್ಲ, ಕಟ್ಟಡ ನಿಲ್ಲುವುದಿಲ್ಲವೆಂದು ಕೇಳಿದಾಗಲೂ ಇಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡು, ನೆಟ್ಟಗೆ ಎದುರು ಗೋಡೆಯನ್ನು ನೋಡುತ್ತಿದ್ದಳು.

ಇನ್ಸ್‌ಪೆಕ್ಟರಮ್ಮ ಅವಳತ್ತ ಬಾಗುವ ಮೊದಲೇ, ಅವಳೇ ತುಟಿ ಅಲುಗದ ಹಾಗೆ ಹೇಳಿದಳು:

“ಮೇಡಂ, ಇನ್ನು ಹುಡುಕೋದು ಬೇಡ. ಇದನ್ನ ಅವಳ ತಲೆಗೆ ಕಟ್ಬೇಕು ಅಂತಾನೇ ನಿಮಗೆ ಹೇಳಿದ್ದು. ಇಲ್ಲಿಗೆ ಬಿಟ್ಬಿಡಿ.”